ಮೆದುಳಿನ ಪಿಎಚ್‌ಡಿಗೆ ಸೀಟು ಹುಡುಕಿದ್ದು

ನಾನು ಬಾಯಿ ತೆರೆಯದೆ ಕೂತಲ್ಲಿಯೂ ಏನಾದರೊಂದು ನಡೆಯುತ್ತದೆ. ಕಳೆದ ವರ್ಷ ಸ್ವಲ್ಪ ಜಾಸ್ತಿಯೇ ನಡೆಯಿತು. ಎಂ.ಎಸ್ಸಿ. ಮುಗಿಸಿ, ಮೆದುಳು ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಪಿಎಚ್‌ಡಿ ಮಾಡಬೇಕೆಂದು ಹೊರಟಿದ್ದೆ. ಅದೂ ಸ್ಟೈಪೆಂಡ್ ಸಿಗುವ ಸೀಟೇ ಆಗಬೇಕಿತ್ತು. ಅಪ್ಪ ಹೇಳಿದ್ದು ಇಷ್ಟೆ: "ಒಂದು ವರ್ಷ ನೋಡುವ. ಆಗದಿದ್ದರೆ ಬಿ.ಎಡ್. ಮಾಡು, ನೀನು ಕಲಿತ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೇ ಟೀಚರ್ ಬೇಕಂತೆ." ಆ ಶಾಲೆಯಲ್ಲಿ 'ಪ್ರೆಸೆಂಟ್ ಮಿಸ್' ಎನ್ನಲೂ ನಾಚುತ್ತಿದ್ದವಳು ನಾನು. ಅಲ್ಲಿಯೇ ಮಕ್ಕಳ ಎದುರು ನಿಂತು ಪಾಠ ಮಾಡುವುದನ್ನು ನೆನೆಸಿಕೊಂಡು ಅರ್ಜಿಗಳನ್ನು ಬೇಗ ಬೇಗ ಬರೆದೆ.

ಆಸ್ಪತ್ರೆಯ ಬೆಂಚು

ಗೈಡ್ ಆಗುತ್ತೀರಾ ಎಂದು ಕೇಳಲು ಮಂಗಳೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿದ್ದೆ. ಪ್ರೊಫೆಸರು ಕರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಫೈಲು ಹಿಡಿದು ಕೂತಿದ್ದೆ. ಮಂಡಿನೋವಿಗೆ ತೋರಿಸಲು ಬಂದ ಬಂಟ್ವಾಳದ ಅತ್ತೆ, ಅಂದರೆ ಅಪ್ಪನ ಅಕ್ಕ, ಅದೇ ದಾರಿಯಲ್ಲಿ ಹೋದರು. ನನ್ನನ್ನು ನೋಡಿದರು, ನನ್ನ ತಲೆಯ ಮೇಲಿದ್ದ ಬೋರ್ಡನ್ನು ನೋಡಿದರು, ಮಾತಾಡಿಸದೆ ಮುಂದೆ ಹೋದರು.

ಪ್ರೊಫೆಸರು ಈ ವರ್ಷ ಸೀಟಿಲ್ಲ ಎಂದರು. ನಾನು ಬಸ್ಸಿನಲ್ಲಿ ನಮ್ಮೂರು ವೇಣೂರು ತಲುಪುವಾಗ ಅತ್ತೆಯ ಫೋನು ಮನೆಗೆ ಬಂದು ಮುಗಿದಿತ್ತು.

ಮರುದಿನ ಅತ್ತೆ ಸೇಬು ಹಿಡಿದುಕೊಂಡು ಬಂದರು. ನಾನು ಆಸ್ಪತ್ರೆಗೆ ಹೋದದ್ದು ಓದಿನ ವಿಷಯಕ್ಕೆ ಎಂದು ಅಮ್ಮ ಎಷ್ಟು ಹೇಳಿದರೂ, "ನಮ್ಮ ಹತ್ತಿರವೂ ಮುಚ್ಚಿಡುವುದಾ ಮಾರಾಯ್ತಿ" ಎಂದು ಬೇಜಾರು ಮಾಡಿಕೊಂಡರು. ಆಮೇಲೆ ನನ್ನ ಪಕ್ಕ ಕೂತು, ಕಿವಿ ಕೇಳದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕೇಳಿದರು, "ಮಗಾ, ನಾನು ಯಾರು ಹೇಳು?"

ನಾಚಿಕೆಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅತ್ತೆ ಅಮ್ಮನ ಕಡೆ ತಿರುಗಿ, "ನೋಡಿದೆಯಾ" ಎಂದರು.

ಜರ್ಮನಿಯ ಮೆಚ್ಚುಗೆ

ಹೊರದೇಶದ ಪ್ರೊಫೆಸರುಗಳಿಗೂ ಇಮೇಲ್ ಕಳಿಸುತ್ತಿದ್ದೆ. ಉತ್ತರ ಬಂದರೆ ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕು. ಮೊದಲು ಬಂದದ್ದು ಜರ್ಮನಿಯಿಂದ: ನಿಮ್ಮ ಆಸಕ್ತಿ ಮೆಚ್ಚುವಂಥದ್ದು, ನಿಮ್ಮ ಪ್ರಾಜೆಕ್ಟ್ ಚೆನ್ನಾಗಿದೆ, ಆದರೆ ಸದ್ಯ ನಮ್ಮಲ್ಲಿ ಫಂಡಿಂಗ್ ಇಲ್ಲ. ಅಪ್ಪನಿಗೆ 'ಆದರೆ'ಯವರೆಗೆ ಸಾಕಾಯಿತು. ಮೂಡುಬಿದಿರೆಯ ತಮ್ಮ ಪಾತ್ರೆ ಅಂಗಡಿಗೆ ಬಂದವರಿಗೆಲ್ಲ ಜರ್ಮನಿಯವರು ಮಗಳನ್ನು ಮೆಚ್ಚಿದ್ದಾರೆ ಎಂದು ಹೇಳಿದರು. ಆಮೇಲೆ ಸ್ವೀಡನ್ನಿನವರೂ ಮೆಚ್ಚಿದರು, ಕೆನಡಾದವರೂ ಮೆಚ್ಚಿದರು. ನಾನು ಮಾತ್ರ ಮನೆಯಲ್ಲೇ ಇದ್ದೆ.

ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಬಂದ ರಿಟೈರ್ಡ್ ಹೆಡ್‌ಮಾಸ್ಟ್ರು ಎಲ್ಲ ಕೇಳಿ ಅಪ್ಪನಿಗೆ ಹೇಳಿದರಂತೆ, "ಇಷ್ಟು ದೇಶದವರು ಕರೆದರೂ ಹೋಗ್ಲಿಲ್ಲ ಅಲ್ವಾ, ಭಾರಿ ಸ್ವಾಭಿಮಾನದ ಹುಡುಗಿ."

ಅಪ್ಪ ಹಿಡಿದ ಕಳ್ಳ

ಕೊನೆಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ವರ್ಷ ಮುಗಿಯುತ್ತ ಬಂದಿತ್ತು, ಉಳಿದದ್ದು ಅದೊಂದೇ. ಇಂಟರ್‌ವ್ಯೂ ದಿನ ತಿಳಿಸಲು ಅಲ್ಲಿಯ ಆಫೀಸಿನವರು ಫೋನು ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಅಪ್ಪ ಎತ್ತಿದರು. ಓದುವುದಕ್ಕೆ ತಿಂಗಳು ತಿಂಗಳು ನಾವೇ ಹಣ ಕೊಡುತ್ತೇವೆ, ಆಧಾರ್ ಪ್ರತಿ ಕಳಿಸಿ, ನಾವು ಒಂದು ಲಿಂಕ್ ಕಳಿಸುತ್ತೇವೆ ಎಂದು ಆ ಮನುಷ್ಯ ಹೇಳಿದ. ಆನ್‌ಲೈನ್ ಮೋಸದ ಬಗ್ಗೆ ಬ್ಯಾಂಕಿನವರು ಕಳಿಸುವ ಮೆಸೇಜುಗಳನ್ನು ಪೂರ್ತಿ ಓದುವ ಮನುಷ್ಯ ನಮ್ಮಪ್ಪ. ಚೆನ್ನಾಗಿ ಬೈದು, ನಂಬರು ಬ್ಲಾಕ್ ಮಾಡಿ, ನಾನು ಹೊರಗೆ ಬಂದಾಗ, "ಇವತ್ತು ಒಬ್ಬನನ್ನು ಹಿಡಿದೆ" ಎಂದರು.

ನಂಬರು ನೋಡಿದರೆ ಬೆಂಗಳೂರಿನ ಆ ಸಂಸ್ಥೆಯದೇ. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಜ್ವರ ಬಂದಂತೆ. ಆದರೂ ಆ ನಂಬರಿಗೆ ಮಾಡಿ, ಕ್ಷಮಿಸಿ ಸರ್, ನಾನೇ ಆ ಕ್ಯಾಂಡಿಡೇಟ್ ಎಂದೆ.

ಆ ಕಡೆಯವರು ಕೇಳಿದರು, "ಮೇಡಂ, ಮೊದಲು ನಿಮ್ಮ ತಂದೆಯವರನ್ನು ಕೇಳಿ, ಪೊಲೀಸ್ ಕಂಪ್ಲೇಂಟ್ ಕೊಟ್ಟಾಗಿದೆಯಾ, ಇನ್ನು ಕೊಡಬೇಕಷ್ಟೆಯಾ?"

ಸಂಘದ ದಿನ

ಇಂಟರ್‌ವ್ಯೂ ಆನ್‌ಲೈನಿನಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ, ಆದ್ದರಿಂದ ವೈಫೈ ಇದ್ದ ಪಕ್ಕದ ಮನೆಯ ದೊಡ್ಡಮ್ಮನ ಚಾವಡಿಯಲ್ಲಿ ಕೂತೆ. ಬೆಳಿಗ್ಗೆ ಎಂದದ್ದು ಸಂಜೆಗೆ ಹೋಯಿತು. ಸಂಜೆ ಅಲ್ಲಿ ಹೆಂಗಸರ ಸ್ವಸಹಾಯ ಸಂಘದ ವಾರದ ಸಭೆ. ತಪ್ಪಿಸುವ ಹಾಗಿಲ್ಲ. ಹುಡುಗಿಯ ಭವಿಷ್ಯದ ಪ್ರಶ್ನೆ, ಯಾರೂ ಉಸಿರೆತ್ತಬಾರದು ಎಂದು ದೊಡ್ಡಮ್ಮ ಆರ್ಡರ್ ಮಾಡಿದರು. ಎಲ್ಲರೂ ನನ್ನ ಹಿಂದೆ ಚಾಪೆಯ ಮೇಲೆ ಸಾಲಾಗಿ ಕೂತರು.

ಸಮಿತಿಯಲ್ಲಿ ಐದು ಜನ. ಹಿರಿಯ ಪ್ರೊಫೆಸರು ಕೇಳಿದರು: ಹಳ್ಳಿಯವರು ಮನಸ್ಸಿನ ಕಷ್ಟವನ್ನು ಹೊರಗೆ ಹೇಳುವುದಿಲ್ಲ, ನಿಮ್ಮ ಅಧ್ಯಯನಕ್ಕೆ ಅವರ ಬಾಯಿ ಹೇಗೆ ಬಿಡಿಸುತ್ತೀರಿ? ಉತ್ತರ ಗೊತ್ತಿತ್ತು, ನಾಲಗೆ ಏಳಲಿಲ್ಲ. ಕಾದು ಕಾದು ಅವರು ನನ್ನ ಹಿಂದೆ ನೋಡಿ, ಅವರೆಲ್ಲ ಯಾರು ಎಂದರು. ಸಂಘದವರು ಎಂದೆ. ಅವರು ಕನ್ನಡದಲ್ಲೇ ಕೇಳಿದರು, "ಅಮ್ಮಾ, ನಿಮ್ಮಲ್ಲಿ ನಿದ್ದೆ ಬಾರದವರು, ಮನಸ್ಸಿಗೆ ಬೇಸರ ಇರುವವರು ಯಾರಾದರೂ ಇದ್ದೀರಾ?"

ಒಬ್ಬರೂ ಅಲುಗಲಿಲ್ಲ. ನನ್ನ ಸೀಟು ಹೋಯಿತು ಎಂದುಕೊಂಡೆ.

ಆಗ ದೊಡ್ಡಮ್ಮ ಮುಂದೆ ಬಗ್ಗಿ, "ಸರ್, ನಿಮಗೆ ಬರ್ತದಾ ನಿದ್ದೆ?" ಎಂದು ಕೇಳಿದರು.

ಪ್ರೊಫೆಸರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಲ್ಲಮ್ಮ, ಸರಿಯಾಗಿ ಬರುವುದಿಲ್ಲ" ಎಂದರು. ಪಕ್ಕದ ಚೌಕದಲ್ಲಿದ್ದ ಮೇಡಂ ಮೈಕ್ ಆನ್ ಮಾಡಿ, ತನಗೂ ಇಲ್ಲ ಎಂದರು. ಇನ್ನೊಬ್ಬರು ಕೈ ಎತ್ತಿದರು. ದೊಡ್ಡವರಿಗೇ ಹೀಗೆಂದ ಮೇಲೆ ನಮಗೆಂತ ನಾಚಿಕೆ ಎಂದು ಚಾಪೆಯವರೆಲ್ಲ ಒಟ್ಟಿಗೆ ಶುರು ಮಾಡಿದರು. ಒಬ್ಬರಿಗೆ ಎದೆ ಡವಡವ, ಒಬ್ಬರಿಗೆ ಸುಮ್ಮನೆ ಅಳು, ಒಬ್ಬರಿಗೆ ಗಂಡನ ಗೊರಕೆ. ಈ ಗಲಾಟೆಯ ನಡುವೆ ನನಗೂ ಧೈರ್ಯ ಬಂದು, "ಹೀಗೆಯೇ ಸರ್, ಕೇಳುವವರು ಮೊದಲು ತಮ್ಮದನ್ನು ಹೇಳಬೇಕು" ಎಂದೆ. ಇಂಟರ್‌ವ್ಯೂನಲ್ಲಿ ನಾನು ಪೂರ್ತಿ ಮಾಡಿದ ವಾಕ್ಯ ಅದೊಂದೇ.

ಸೀಟು ಸಿಕ್ಕಿತು, ಸ್ಟೈಪೆಂಡ್ ಸಮೇತ. ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಸಿಗದೆ ಎಂತ?" ಎಂದರು. "ಐದು ಜನರಲ್ಲಿ ಮೂವರಿಗೆ ನಿದ್ದೆ ಇಲ್ಲ. ಅವರನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಜನ ಬೇಡವಾ?"