ಕುಂಟಮ್ಮನಿಗೆ ಹಲ್ಲು ಕಟ್ಟಿದ್ದು

"ಊರಿಗೆಲ್ಲ ಹಲ್ಲು ಕಟ್ಟಿದವನು ನಾನು! ಐದು ಕೋಳಿಗೆ ಕಟ್ಟೋಕಾಗಲ್ವಾ?"

ಹಲ್ಲಿನ ಡಾಕ್ಟರು ಹೀಗೆ ಎದೆ ತಟ್ಟಿಕೊಂಡದ್ದು ಶನಿವಾರ ಬೆಳಿಗ್ಗೆ, ಅರ್ಧ ಲೋಟ ಕಾಫಿ ಕುಡಿದ ಮೇಲೆ. ಪೂರ್ತಿ ಕುಡಿದಿದ್ದರೆ ಇನ್ನೇನೇನು ಹೇಳುತ್ತಿದ್ದರೋ ದೇವರೇ ಬಲ್ಲ!

ವಿಷಯ ಇಷ್ಟೇ. ಆ ಚಳಿನಾಡಿನಲ್ಲಿ ಹತ್ತು ದಿನದಿಂದ ಹಿಮ ಬಿದ್ದು ಹಿತ್ತಲ ನೆಲ ಹೆಪ್ಪುಗಟ್ಟಿತ್ತು. ಕೋಳಿಗೆ ಹಲ್ಲಿಲ್ಲವಲ್ಲ, ಅದು ನೆಲ ಕೆದಕಿ ಸಣ್ಣ ಕಲ್ಲುಚೂರು ನುಂಗಿದರೇ ಹೊಟ್ಟೆಯೊಳಗೆ ಕಾಳು ನುರಿಯುವುದು. ಕೆದಕಲು ನೆಲವೇ ಸಿಗದಿದ್ದರೆ ಪಾಪ, ಅದೇನು ಮಾಡೀತು? ಅದಕ್ಕೇ ಹೆಂಡತಿ ಹೇಳಿದ್ದಳು: "ರೀ, ಮೇವಿನ ಅಂಗಡಿಯಿಂದ ಒಂದು ಚೀಲ ಕಲ್ಲುಚೂರು ತಂದುಬಿಡಿ. ಕುಂಟಮ್ಮ ಯಾಕೋ ಮಂಕಾಗಿದಾಳೆ."

ಕುಂಟಮ್ಮ ಅಂದರೆ ಹೆಂಡತಿಯ ಪ್ರಾಣ. ಸೊಟ್ಟ ಕಾಲಿನ ಆ ಕೋಳಿಮರಿಯನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಸಾಕಿ ದೊಡ್ಡದು ಮಾಡಿದ್ದಳು. ಗಂಡನಿಗೆ ಜ್ವರ ಬಂದರೆ ಒಂದು ಮಾತ್ರೆ ಕೊಟ್ಟು ಸುಮ್ಮನಾಗುವವಳು, ಕುಂಟಮ್ಮ ಸೀನಿದರೆ ಸ್ವೆಟರ್ ಹೊದಿಸುತ್ತಿದ್ದಳು!

"ಅಂಗಡಿ ಕಲ್ಲಾ? ಅದನ್ನ ಯಾರು ತೊಳೆದಿರ್ತಾರೋ ಏನೋ! ನಾನೇ ಮಾಡ್ತೀನಿ, ನೋಡ್ತಿರು."

"ನಿಮ್ಮ ದಮ್ಮಯ್ಯ, ಸುಮ್ನೆ ಅಂಗಡಿಗೆ ಹೋಗಿ ಬನ್ನಿ."

ಕೇಳಿದರೆ ತಾನೆ! ಗ್ಯಾರೇಜಿನಲ್ಲಿ ಬಿದ್ದಿದ್ದ ಗ್ರಾನೈಟ್ ಚಪ್ಪಡಿಯ ಮೇಲೆ ಸುತ್ತಿಗೆ ಬಿತ್ತು. ಮೊದಲ ಏಟು ಕಲ್ಲಿಗೆ, ಎರಡನೆಯದು ಹೆಬ್ಬೆರಳಿಗೆ, ಮೂರನೆಯದು ಕಾರಿನ ದೀಪಕ್ಕೆ. ಅಂತೂ ಒಂದು ಬೋಗುಣಿ ಚೂರಾಯಿತು. ಜರಡಿ ಹಿಡಿದು, ಒಂದು ಚೂರನ್ನು ಬೆರಳಿನಿಂದ ಸವರಿದವರೇ ಡಾಕ್ಟರು ಬೆಚ್ಚಿಬಿದ್ದರು. ಅಬ್ಬಾ, ಎಂಥ ಚೂಪು! ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಬಾಯಲ್ಲೂ ಒಂದು ಚೂಪು ಅಂಚನ್ನು ಉಳಿಸಿದವರಲ್ಲ ಅವರು. ಕುಂಟಮ್ಮನ ಗಂಟಲಿಗೆ ಇದನ್ನು ಇಳಿಸುವುದುಂಟೇ?

ಬೋಗುಣಿ ಕ್ಲಿನಿಕ್ಕಿಗೆ ಹೊರಟಿತು. ಭಾನುವಾರವಿಡೀ ಡಾಕ್ಟರು ಮಾಸ್ಕ್ ಕಟ್ಟಿ, ಕುರ್ಚಿಯ ದೀಪ ಬಗ್ಗಿಸಿಕೊಂಡು, ಹಲ್ಲು ಉಜ್ಜುವ ಯಂತ್ರದಲ್ಲಿ ಒಂದೊಂದೇ ಚೂರನ್ನು ಉಜ್ಜಿದರು. ಮೂಲೆ ತೆಗೆದರು, ಪುದೀನಾ ವಾಸನೆಯ ಪೇಸ್ಟ್ ಹಚ್ಚಿ ಮಿರುಗಿಸಿದರು, ಕುದಿಸಿ ಒಣಗಿಸಿದರು. ಮುನ್ನೂರ ಹನ್ನೆರಡು ಚೂರುಗಳು! ಯಾವ ಮಹಾರಾಜನ ಕೋಳಿಗೂ ಇಂಥ ಸೇವೆ ಸಂದಿರಲಿಕ್ಕಿಲ್ಲ.

ಸೋಮವಾರ ಕೋಳಿಗಳು ಮುಗಿಬಿದ್ದು ನುಂಗಿದವು.

"ನೋಡಿದ್ಯಾ?" ಎಂದರು ಡಾಕ್ಟರು.

"ಮುತ್ತಿನ ಹಾಗಿವೆ ಕಣ್ರೀ!" ಹೆಂಡತಿಯೂ ಒಪ್ಪಿಬಿಟ್ಟಳು. ಡಾಕ್ಟರು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಬುಧವಾರ ಕುಂಟಮ್ಮ ಮೂಲೆ ಹಿಡಿದಳು. ಕುತ್ತಿಗೆಯ ಬುಡದಲ್ಲಿ ಕಾಳು ತುಂಬುವ ಚೀಲ ಊದಿಕೊಂಡಿತ್ತು. ಹಿಕ್ಕೆಯಲ್ಲಿ ಕಾಳು ಇಡಿಯಾಗಿ ಬೀಳುತ್ತಿತ್ತು. ಹೆಂಡತಿ ಅವಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿಕೊಂಡಳು. ಡಾಕ್ಟರು ಓಡಿಹೋಗಿ ಪಶುವೈದ್ಯೆಯನ್ನು ಕರೆತಂದರು.

"ಕಲ್ಲು ಕೊಟ್ಟಿದೀರಾ?" ಎಂದು ಆಕೆ ಕೇಳಿದರು.

"ಫಸ್ಟ್ ಕ್ಲಾಸ್ ಕಲ್ಲು ಮೇಡಂ!" ಎಂದು ಡಾಕ್ಟರು ಬೋಗುಣಿ ಚಾಚಿದರು.

ಪಶುವೈದ್ಯೆ ಒಂದನ್ನು ಬೆರಳುಗಳ ನಡುವೆ ಉರುಳಿಸಿ, ಮೂಸಿ ನೋಡಿ, ಹುಬ್ಬೇರಿಸಿದರು. "ಇದರ ಮೂಲೆಗಳೆಲ್ಲ ಎಲ್ಲಿ ಹೋದ್ವು?"

"ಉಜ್ಜಿ ತೆಗೆದೆ. ಚುಚ್ಚೀತು ಅಂತ..."

"ಮೂಲೆ ಇದ್ರೆ ತಾನೆ ಡಾಕ್ಟ್ರೇ ಕಾಳು ನುರಿಯೋದು! ಗೋಲಿ ಇಟ್ಕೊಂಡು ಯಾರಾದ್ರೂ ಹಿಟ್ಟು ಬೀಸ್ತಾರಾ?"

ಹೆಂಡತಿ ತಲೆಯೆತ್ತಿ ಗಂಡನನ್ನು ನೋಡಿದಳು. ಆ ನೋಟಕ್ಕಿಂತ ಸುತ್ತಿಗೆಯ ಏಟೇ ಎಷ್ಟೋ ಹಿತವಾಗಿತ್ತು!

ಪಶುವೈದ್ಯೆ ಊದಿದ ಚೀಲವನ್ನು ಮೆಲ್ಲಗೆ ನೀವಿ ಮೆದು ಮಾಡಿದರು, ಒರಟು ಕಲ್ಲುಚೂರಿನ ಪೊಟ್ಟಣವೊಂದನ್ನು ಕೊಟ್ಟು ಹೋದರು. ಎರಡು ದಿನ ಡಾಕ್ಟರು ಗಂಟೆಗೊಮ್ಮೆ ಗೂಡಿಗೆ ಇಣುಕಿ "ಹೇಗಿದೀಯಮ್ಮಾ?" ಎಂದು ಕೇಳುತ್ತಿದ್ದರು. ಶುಕ್ರವಾರ ಪಶುವೈದ್ಯೆ ಮತ್ತೆ ಬಂದಾಗ ಕುಂಟಮ್ಮ ಸೊಟ್ಟ ಕಾಲಲ್ಲೇ ಉಳಿದ ನಾಲ್ಕು ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಕಾಳು ಕಸಿಯುತ್ತಿದ್ದಳು. ಹೆಂಡತಿ ನಕ್ಕಳು. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು.

"ನಿಮ್ಮ ಉಪಕಾರ ಹೇಗೆ ತೀರಿಸಲಿ ಮೇಡಂ? ನಿಮ್ಮ ಹಲ್ಲಿಗೆ ಏನೇ ತೊಂದರೆ ಬರಲಿ, ನನ್ನ ಹತ್ರಾನೇ ಬನ್ನಿ. ಹಲ್ಲನ್ನ ಮುತ್ತಿನ ಹಾಗೆ ಮಾಡ್ಕೊಡ್ತೀನಿ!"

ಗೇಟಿನ ಹತ್ತಿರ ಪಶುವೈದ್ಯೆ ಗಕ್ಕನೆ ನಿಂತು ದವಡೆಗೆ ಕೈ ಒತ್ತಿಕೊಂಡರು.

"ಒಂದು ವಾರದಿಂದ ನೋವಿದೆ, ನಿಜ. ಆದ್ರೆ ಬೇಡ ಬಿಡಿ ಡಾಕ್ಟ್ರೇ. ಸದ್ಯಕ್ಕೆ ಅಗಿಯೋಕಾದ್ರೂ ಆಗ್ತಿದೆ!"