ಬನ್ನಣ್ಣನ ಹಾಲು ನಿಷೇಧ

"ಇವತ್ತಿನಿಂದ ಈ ಮನೆಯ ಹೊಸಿಲು ದಾಟಿ ಒಂದು ತೊಟ್ಟು ಹಾಲು ಒಳಗೆ ಬರಕೂಡದು! ಬಂದರೆ ನಾನು ಈ ಮಗುವಿನ ಅಪ್ಪನೇ ಅಲ್ಲ!"

ಬನ್ನಣ್ಣ ಹೀಗೆ ಗುಡುಗಿದಾಗ ಅವನ ಹೆಂಡತಿ ಕುರ್ಚಿಯಲ್ಲಿ ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಹಾಗಾದ್ರೆ ನಾನೆಲ್ಲಿರ್ಲಿ? ಹೊರಗೆ ಮೆಟ್ಟಿಲ ಮೇಲಾ?"

"ನಿನ್ನದು ಬೇರೆ ಕಣೇ! ನಾನು ಹೇಳ್ತಿರೋದು ಹಸುವಿನದ್ದು!"

"ಸದ್ಯ! ವ್ಯತ್ಯಾಸ ಗೊತ್ತಿದೆಯಲ್ಲ."

ಬನ್ನಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟ ಹೆಸರು. ಬೀದಿಯ ತಿರುವಿನಲ್ಲಿ ಅವನ ಬೇಕರಿ. ಬನ್ನಿನಿಂದ ಹೆಸರು ಬಂದರೂ ಕೀರ್ತಿ ತಂದದ್ದು ಬ್ರೆಡ್ಡು. ಅವನ ಬ್ರೆಡ್ಡಿನ ನೆತ್ತಿ ಹೊಳೆಯುವ ಪರಿ ಹೇಗೆಂದರೆ, ಗಿರಾಕಿಗಳು ಅದಕ್ಕೆ 'ಕನ್ನಡಿ ಬ್ರೆಡ್ಡು' ಎಂದೇ ಹೆಸರಿಟ್ಟಿದ್ದರು. ಅದರಲ್ಲಿ ನೋಡಿಕೊಂಡು ತಲೆ ಬಾಚಬಹುದು ಎಂದು ಕೆಲವರು, ಗಡ್ಡ ಹೆರೆಯಬಹುದು ಎಂದು ಕೆಲವರು. ಅವನ ಬೋಳು ತಲೆಯೂ ಅಷ್ಟೇ ಹೊಳೆಯುತ್ತಿದ್ದುದರಿಂದ, "ಯಜಮಾನರು ಎರಡಕ್ಕೂ ಒಂದೇ ಬ್ರಷ್ಷು ಹಾಕ್ತಾರೆ" ಎಂದು ಮಿಕ್ಕವರು.

ಇಂಥವನ ಮನೆಯಲ್ಲಿ ಹುಟ್ಟಿದ ಹೆಣ್ಣುಮಗು ಹಾಲು ಕುಡಿದಷ್ಟು ಹೊತ್ತು ದೇವತೆ. ಕುಡಿದು ಮುಗಿಸಿತೋ, ಮೊಣಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಿತ್ತು, ಮುಖ ಟೊಮೆಟೊ ಆಗುತ್ತಿತ್ತು, ಆಮೇಲೆ ಎತ್ತುವ ಸ್ವರಕ್ಕೆ ಬೀದಿಯಲ್ಲಿ ಹೋಗುವ ಸೈಕಲ್ಲುಗಳು ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದವು. ಹಾಗಾಗಿ ಅದಕ್ಕೆ 'ಸೈರನ್' ಎಂದು ಅಡ್ಡಹೆಸರು. ಹೊಟ್ಟೆಯೊಳಗೆ ಗುಡುಗು, ಹೊರಗೆ ಗಾಳಿ. ಇಷ್ಟೇ ಆಗಿದ್ದರೆ ಹವಾಮಾನ ಎಂದು ಸುಮ್ಮನಿರಬಹುದಿತ್ತು. ಆದರೆ ಒಂದು ಬೆಳಿಗ್ಗೆ ಲಂಗೋಟಿ ಬಿಚ್ಚಿದರೆ ಲೋಳೆ ಲೋಳೆ, ಅದರ ನಡುವೆ ಎಳೆಯಷ್ಟು ರಕ್ತ. ಕೆನ್ನೆಯ ಮೇಲೂ ಕೆಂಪು ದದ್ದು. ಬನ್ನಣ್ಣನ ಹೊಳಪೆಲ್ಲ ಇಳಿದುಹೋಯಿತು. ಮಗುವನ್ನೆತ್ತಿಕೊಂಡು ಓಡಿದ.

ಮಕ್ಕಳ ಡಾಕ್ಟರಮ್ಮ ಸಮಾಧಾನದ ಮನುಷ್ಯೆ. "ಹೆದರಬೇಡಿ. ಅಮ್ಮ ಕುಡಿದ ಹಸುವಿನ ಹಾಲಿನ ಅಂಶ ಎದೆಹಾಲಿನ ಮೂಲಕ ಮಗುವಿನ ಹೊಟ್ಟೆಗೆ ಹೋಗುತ್ತೆ. ಕೆಲವು ಮಕ್ಕಳಿಗೆ ಅದು ಒಗ್ಗಲ್ಲ. ಇದೂ ಅದೇ ಇರಬಹುದು, ನೋಡೋಣ. ಅಮ್ಮ ಕೆಲವು ವಾರ ಹಾಲು, ಮೊಸರು, ಬೆಣ್ಣೆ, ಚೀಸ್ ಬಿಡ್ಲಿ. ಮಗುವಿಗೆ ಎದೆಹಾಲು ಮಾತ್ರ ನಿಲ್ಲಿಸಬೇಡಿ."

ಇಷ್ಟೇ ಅವರು ಹೇಳಿದ್ದು. ಬನ್ನಣ್ಣ ಮನೆಗೆ ಬರುವಷ್ಟರಲ್ಲಿ ಅದು ಯುದ್ಧಘೋಷಣೆ ಆಗಿತ್ತು.

ಹಾಲಿನ ಪ್ಯಾಕೆಟ್ಟುಗಳು ಪಕ್ಕದ ಮನೆಗೆ ಗಡಿಪಾರಾದವು. ಬೆಣ್ಣೆ ಅವುಗಳ ಹಿಂದೆಯೇ ಹೋಯಿತು. ಬಿಸ್ಕತ್ತಿನ ಪೊಟ್ಟಣಗಳ ಬೆನ್ನಿನಲ್ಲಿ ಇರುವೆಸಾಲಿನಂತಿರುವ ಅಕ್ಷರಗಳನ್ನು ಅವನು ಭೂತಗನ್ನಡಿ ಹಿಡಿದು ಓದಿದ. "ನೋಡ್ದ್ಯಾ! ಹಾಲಿನ ಪುಡಿ! ಪುಡಿಯಾಗಿ ವೇಷ ಹಾಕ್ಕೊಂಡ್ರೆ ನಾನು ಬಿಡ್ತೀನಾ? ಈ ಮನೆಗೆ ಇದು ಹಾಲಲ್ಲ ಕಣೇ, ಹಾಲಾಹಲ!" ಬಾಗಿಲಲ್ಲಿ ತಪಾಸಣೆಯೂ ಶುರುವಾಯಿತು. ಮಗುವನ್ನು ನೋಡಲು ಯಾರೇ ಬರಲಿ, ಬನ್ನಣ್ಣ ಅಡ್ಡ ನಿಂತು "ಕೈ! ಬಾಯಿ!" ಎನ್ನುತ್ತಿದ್ದ. ಅವರು ಕೈ ಚಾಚಬೇಕು, ಬಾಯಿ 'ಆ' ಮಾಡಬೇಕು, ಇವನು ಮೂಸಬೇಕು. ಕಾಫಿಯ ವಾಸನೆ ಬಂದರೆ ವಾಪಸ್ಸು.

ಈ ತಪಾಸಣೆಯಿಂದ ಅವನ ಅತ್ತೆಗೂ ವಿನಾಯಿತಿ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಬಂದಿದ್ದ ಆಕೆ ನಿವೃತ್ತ ಗಣಿತದ ಟೀಚರು. ಇಡೀ ಜೀವಮಾನ ಮಕ್ಕಳ ಬಾಯಿ ಮುಚ್ಚಿಸಿದವರು ಅಳಿಯನ ಮುಂದೆ ಬಾಯಿ ತೆರೆದು ನಿಲ್ಲುವುದೆಂದರೆ!

"ಅಳಿಯಂದ್ರೇ, ನಾನು ಬೆಳಿಗ್ಗೆಯಿಂದ ಕುಡಿದಿರೋದು ಬರೀ ನೀರು."

"ನಿಯಮ ಎಲ್ಲರಿಗೂ ಒಂದೇ ಅತ್ತೆ. ಆ ಅನ್ನಿ."

"ಆ!" ಎಂದರು ಅತ್ತೆ, ಕೊಂಚ ಜೋರಾಗಿಯೇ. ಬನ್ನಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಹೆಂಡತಿಗಂತೂ ಅವನೇ ಬೇರೆ ಬ್ರೆಡ್ಡು ಮಾಡತೊಡಗಿದ. ಅದಕ್ಕೆ ಬೇರೆ ಹಿಟ್ಟಿನ ಚೀಲ, ಬೇರೆ ಬೋಗುಣಿ, ಬೇರೆ ಅಚ್ಚು. ಬೆಣ್ಣೆಯ ಬದಲು ಎಣ್ಣೆ. ಹಿಟ್ಟು ಮುಟ್ಟುವ ಮೊದಲು ಆಪರೇಷನ್ನಿಗೆ ಹೋಗುವ ಸರ್ಜನ್ನಿನ ಹಾಗೆ ಮೊಣಕೈವರೆಗೂ ಸೋಪು ಹಚ್ಚುತ್ತಿದ್ದ. ಪ್ರತಿ ಬೆಳಿಗ್ಗೆ ಬಿಸಿಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು, ಅನಾವರಣ ಮಾಡಿ, "ನೋಡು, ಹೊಳಪು ಒಂಚೂರೂ ಕಮ್ಮಿ ಇಲ್ಲ!" ಎನ್ನುತ್ತಿದ್ದ. ನಿಜ, ಕಮ್ಮಿ ಇರಲಿಲ್ಲ.

ಆದರೆ ಸೈರನ್ನಿನ ಸ್ವರವೂ ಕಮ್ಮಿ ಆಗಲಿಲ್ಲ.

"ಹಾಗಾದ್ರೆ ಹಾಲಿನ ಜೊತೆ ಇನ್ಯಾರೋ ಕೈ ಜೋಡಿಸಿದ್ದಾರೆ," ಎಂದ ಬನ್ನಣ್ಣ. ಮೊಟ್ಟೆ ಹೋಯಿತು. ಮೀನು ಹೋಯಿತು. ಕಡಲೆಕಾಯಿ, ಎಲೆಕೋಸು, ಬೇಳೆಗಳೆಲ್ಲ ಒಂದರ ಹಿಂದೊಂದು ಸಂಶಯದ ಮೇಲೆ ಬಂಧನಕ್ಕೊಳಗಾದವು. ಟೊಮೆಟೊ ತಪ್ಪೇ ಮಾಡದೆ, ಬರೀ ಬಣ್ಣ ನೋಡಿ ಒಳಗೆ ಹೋಯಿತು.

"ಗೋಧಿ?" ಎಂದು ಹೆಂಡತಿ ಕೇಳಿದಳು.

"ಛೆ! ಗೋಧಿ ನಿರಪರಾಧಿ. ಅದನ್ನ ನಾನು ಚಿಕ್ಕಂದಿನಿಂದ ಬಲ್ಲೆ."

ಹೀಗಾಗಿ ಆ ಬಾಣಂತಿಗೆ ಕೊನೆಗೆ ಉಳಿದದ್ದು ಬ್ರೆಡ್ಡು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಸಂಜೆ ಹಸಿವಾದರೆ ಬೆಳಗಿನದೇ ಬ್ರೆಡ್ಡು. ಒಂದು ಸಲ ಪಕ್ಕದ ಮನೆಯಿಂದ ಮೊಟ್ಟೆ ಹುರಿಯುವ ವಾಸನೆ ಬಂದಾಗ ಅವಳು ಕಿಟಕಿಯ ಸರಳು ಹಿಡಿದು ನಿಂತ ಭಂಗಿ ನೋಡಿದ್ದರೆ ಜೈಲರಿಗೂ ಕರುಳು ಚುರ್ ಅನ್ನಬೇಕು. ಅವಳು ಬ್ರೆಡ್ಡು ತಿಂದಷ್ಟೂ ಮಗು ಅತ್ತಿತು. ಮಗು ಅತ್ತಷ್ಟೂ ಅವನು ಇನ್ನೊಂದು ತಿನಿಸು ಬಿಡಿಸಿದ. ಇನ್ನೊಂದು ಬಿಟ್ಟಷ್ಟೂ ಅವಳು ಇನ್ನೊಂದು ತುಂಡು ಬ್ರೆಡ್ಡು ತಿಂದಳು.

ಅಷ್ಟರಲ್ಲಿ ಬೇಕರಿಯ ಒಲೆ ಕೆಟ್ಟಿತು. ಬಿಡಿಭಾಗ ಎಲ್ಲಿಂದಲೋ ಬರಬೇಕಿತ್ತು. ಬನ್ನಣ್ಣ ವಾರಗಟ್ಟಲೆ ಮನೆಯಲ್ಲೇ ಕೂತ. ಅದೇ ಹೊತ್ತಿಗೆ ಅತ್ತೆ ಕೂಡ ಹಿರಿಮಗಳ ಮನೆಗೆ ಹೋಗಿ ಬರುತ್ತೇನೆಂದು ಹೊರಟರು. ಹೆಂಡತಿ ಅನ್ನ, ಆಲೂಗಡ್ಡೆ ಬೇಯಿಸಿಕೊಂಡು ತಿಂದಳು.

ಸೈರನ್ ನಿಂತಿತು!

ಕುಡಿಯಿತು, ತೇಗಿತು, ಮಲಗಿತು. ಎಚ್ಚರವಾದಾಗ ಸೂರು ನೋಡಿ ನಕ್ಕಿತು. ಕೆನ್ನೆಯ ಮೇಲಿದ್ದ ಕೆಂಪು ದದ್ದು ಮಾಯ. ಬನ್ನಣ್ಣ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಮೆರವಣಿಗೆ ಹೊರಟ. "ಅಪ್ಪ ಮನೇಲಿದ್ರೆ ಸಾಕು! ಔಷಧಿ ಯಾಕೆ? ಅಪ್ಪನೇ ಔಷಧಿ!"

ಒಲೆ ಸರಿಹೋಯಿತು. ಅತ್ತೆ ಮರಳಿ ಬಂದರು. ಸೈರನ್ನೂ ಮರಳಿ ಬಂತು. ಅದರ ಹಿಂದೆಯೇ ಲಂಗೋಟಿಯಲ್ಲಿ ಆ ಕೆಂಪು ಎಳೆ.

ಈ ಸಲ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಮಗುವಿನ ತೂಕ ಏರುವುದು ನಿಂತಿತ್ತು. ತಾಯಿಯನ್ನು ನೋಡಿ, "ಮಗುಗಿಂತ ನೀವೇ ಸೊರಗಿದ್ದೀರಲ್ಲ! ಮೊಟ್ಟೆ, ಮೀನು, ಬೇಳೆ ಎಲ್ಲ ಬಿಡಿ ಅಂತ ಯಾರು ಹೇಳಿದ್ರು?" ಎಂದರು. ಹೆಂಡತಿ ಗಂಡನನ್ನು ನೋಡಿದಳು. ಗಂಡ ಗೋಡೆಯ ಮೇಲಿನ ಹಲ್ಲುಜ್ಜುವ ಮೊಲದ ಚಿತ್ರ ನೋಡಿದ.

"ಗೊತ್ತಿಲ್ಲದ ಹಾಗೆ ಎಲ್ಲಾದ್ರೂ ಹಾಲು ಸೇರ್ತಾ ಇದೆಯಾ?"

"ನಮ್ಮ ಮನೇಲಾ? ನಾನಿದ್ದೀನಿ ಡಾಕ್ಟ್ರೇ!" ಎಂದು ಬನ್ನಣ್ಣ ಎದೆ ತಟ್ಟಿಕೊಂಡ.

"ಸರಿ. ಇನ್ನೂ ಸ್ವಲ್ಪ ದಿನ ಹುಡುಕಿ ನೋಡಿ. ಮುಂದಿನ ಸಲವೂ ಹೀಗೇ ಇದ್ರೆ ಎದೆಹಾಲು ನಿಲ್ಲಿಸಿ, ಇಂಥ ಮಕ್ಕಳಿಗೇ ಅಂತ ಇರೋ ಡಬ್ಬಿ ಹಾಲು ಕೊಟ್ಟು ನೋಡಬೇಕಾಗುತ್ತೆ."

ಮನೆಗೆ ಬಂದು ಮಗುವನ್ನು ಎದೆಗೊತ್ತಿಕೊಂಡು ಕೂತ ಹೆಂಡತಿಯ ಕಣ್ಣಿಂದ ಹನಿಗಳು ಮಗುವಿನ ತಲೆಯ ಮೇಲೆ ಬಿದ್ದವು. "ರೀ, ಅದು ಕುಡೀವಾಗ ನನ್ನ ಬೆರಳು ಹಿಡ್ಕೊಳ್ಳುತ್ತೆ. ಒಂದ್ಸಲ ಬಿಡಿಸಿದ್ರೆ ಮತ್ತೆ ಹಿಡಿಯುತ್ತೋ ಇಲ್ವೋ."

ಹೆಂಡತಿ ಅತ್ತಾಗ ಕೆಲವರು ಕಣ್ಣೊರೆಸುತ್ತಾರೆ. ಬನ್ನಣ್ಣ ಪತ್ತೇದಾರನಾದ. ಅತ್ತೆ ಹೋದರು, ಮಗು ಸುಮ್ಮನಾಯಿತು. ಅತ್ತೆ ಬಂದರು, ಮಗು ಅತ್ತಿತು. ಇದಕ್ಕಿಂತ ಸಾಕ್ಷಿ ಬೇಕೆ? ಅವನು ನೇರ ಹೋಗಿ ಅತ್ತೆಯ ಕೈಚೀಲ ತೆರೆದ. ಒಂದು ಕನ್ನಡಕ, ಶುಂಠಿ ಪೆಪ್ಪರಮೆಂಟಿನ ಡಬ್ಬಿ, ಹೆಣಿಗೆಯ ಕಡ್ಡಿ. ಪೆಪ್ಪರಮೆಂಟನ್ನು ಮೂಸುತ್ತಿದ್ದಾಗ ಬೆನ್ನ ಹಿಂದೆ ಧ್ವನಿ ಬಂತು.

"ಒಂದು ಬೇಕಾ ಅಳಿಯಂದ್ರೇ?"

"ಅದು... ಅತ್ತೆ, ತಪ್ಪು ತಿಳೀಬೇಡಿ. ನೀವು ಮಗಳ ಮೇಲಿನ ಮಮತೆಯಿಂದ ಗುಟ್ಟಾಗಿ ಒಂದು ಲೋಟ ಹಾಲು..."

"ಕಳ್ಳತನ!" ಎಂದರು ಅತ್ತೆ. "ಪರೀಕ್ಷೇಲಿ ಕಾಪಿ ಕಳ್ಳರನ್ನ ಹಿಡಿದು ಪೆನ್ಷನ್ ತಗೊಳ್ತಿರೋಳು ನಾನು! ನನ್ನ ಮೇಲೆ ಕಳ್ಳತನ!"

ಪೆಟ್ಟಿಗೆ ತುಂಬಿಯೇಬಿಟ್ಟಿತು. ಮಗಳು ಅತ್ತಳು, ಮೊಮ್ಮಗು ಅವಳಿಗಿಂತ ಜೋರಾಗಿ ಅತ್ತಿತು. ಹೊಸಿಲಲ್ಲಿ ನಿಂತು ಅತ್ತೆ ತಿರುಗಿ ನೋಡಿದರು.

"ನನ್ನ ಬಾಯಿ ಮೂಸಿದ್ರಿ. ಚೀಲ ಮೂಸಿದ್ರಿ. ನಿಮ್ಮ ಬ್ರೆಡ್ಡನ್ನ ಯಾರು ಮೂಸಿದ್ರು?"

ಬನ್ನಣ್ಣನ ನೆತ್ತಿ ಕೆಂಪಾಯಿತು. ಅವನನ್ನು ಬೈಯಿರಿ, ಸಹಿಸುತ್ತಾನೆ. ಬ್ರೆಡ್ಡನ್ನು ಬೈದರೆ? "ಬನ್ನಿ! ಬಸ್ಸು ಹತ್ತೋ ಮೊದಲು ಕಣ್ಣಾರೆ ನೋಡಿ ಹೋಗಿ! ನೀನೂ ಬಾರೇ, ಮಗೂನೂ ಕರ್ಕೊಂಡು ಬಾ. ಶುದ್ಧ ಅಂದ್ರೆ ಏನು ಅಂತ ತೋರಿಸ್ತೀನಿ!"

ಬೇಕರಿಯ ಹಿಂದಿನ ಕೋಣೆ. ಅತ್ತೆ ಹಿಟ್ಟಿನ ಡಬ್ಬದ ಮೇಲೆ ಕೂತರು, ಪೆಟ್ಟಿಗೆ ಕಾಲ ಬಳಿ. ಹೆಂಡತಿ ಮಗುವನ್ನೆತ್ತಿಕೊಂಡು ಬಾಗಿಲಿಗೊರಗಿ ನಿಂತಳು. ಬನ್ನಣ್ಣ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಭಾಷಣವೂ ಶುರುವಾಯಿತು.

"ಇದು ಹಿಟ್ಟು. ಮೂಸಿ ನೋಡಿ ಅತ್ತೆ. ಇದು ಉಪ್ಪು. ಇದು ಯೀಸ್ಟು. ಇದು ನೀರು. ಇದು ಎಣ್ಣೆ. ಹಾಲೆಲ್ಲಿ? ತೋರಿಸಿ!"

ತೋರಿಸಲು ಏನೂ ಇರಲಿಲ್ಲ. ಹಿಟ್ಟು ನಾದಿದ, ತಟ್ಟಿದ, ಉಬ್ಬಲು ಬಿಟ್ಟ. ಕಾಯುವ ಹೊತ್ತೆಲ್ಲ ತನ್ನ ಗುರುವಿನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದ. ಉಬ್ಬಿದ್ದನ್ನು ಅಚ್ಚಿಗೆ ಹಾಕಿ, ಅದು ಮತ್ತೆ ಉಬ್ಬುವ ತನಕ ತನ್ನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದ. ಅತ್ತೆ ಒಂದು ಸಲವೂ ಅವನ ಮುಖ ನೋಡಲಿಲ್ಲ. ಅವರ ಕಣ್ಣೆಲ್ಲ ಅವನ ಕೈಗಳ ಮೇಲೇ ಇತ್ತು.

"ಈ ಕೈಗಳಿಂದ," ಎಂದ ಬನ್ನಣ್ಣ, ಅಚ್ಚನ್ನು ಒಲೆಯ ಬಾಯಿಗೆ ಒಯ್ಯುತ್ತಾ, "ಇಷ್ಟು ವರ್ಷದಲ್ಲಿ ಒಂದು ಮೋಸ ನಡೆದಿದ್ರೆ..."

"ಅಳಿಯಂದ್ರೇ, ಹಾಗೇ ನಿಲ್ಲಿ!"

ಪರೀಕ್ಷಾ ಕೊಠಡಿಯ ಧ್ವನಿ! ಬನ್ನಣ್ಣ ಕಲ್ಲಾಗಿ ನಿಂತ.

"ಬಲಗೈಯಲ್ಲಿ ಏನದು?"

ಬನ್ನಣ್ಣ ತನ್ನ ಬಲಗೈಯನ್ನು ಬೇರೆ ಯಾರದ್ದೋ ಕೈ ಎಂಬಂತೆ ನೋಡಿದ. ಅದರಲ್ಲಿ ಬ್ರಷ್ಷು ಇತ್ತು. ಬ್ರಷ್ಷು ಒದ್ದೆಯಾಗಿತ್ತು. ಬ್ರೆಡ್ಡಿನ ನೆತ್ತಿ ಆಗಲೇ ಅರ್ಧ ಒದ್ದೆಯಾಗಿತ್ತು.

"ಇದಾ? ಇದು ಬ್ರಷ್ಷು. ಹೊಳಪಿಗೆ."

"ಒಲೆ ಪಕ್ಕದ ಬಟ್ಟಲಲ್ಲಿ ಬೆಳ್ಳಗೆ ಏನದು?"

"ಅದೂ ಹೊಳಪಿಗೇ ಅತ್ತೆ. ಏನಿಲ್ಲ, ಬರೀ ಹಾ..."

ಮಾತು ಅಲ್ಲೇ ನಿಂತಿತು. ಬನ್ನಣ್ಣನ ಬಾಯಿ, ತಪಾಸಣೆಗೆ ನಿಂತವರ ಬಾಯಿಯಂತೆ, 'ಆ' ಎಂದು ತೆರೆದೇ ಇತ್ತು.

ನಂಬಿ, ಅವನು ಸುಳ್ಳು ಹೇಳಿದವನಲ್ಲ. ಹಿಟ್ಟು, ಉಪ್ಪು, ನೀರು ಅವನ ತಲೆಯ ಕೆಲಸ. ಒಲೆಯ ಬಾಯಲ್ಲಿ ಹಾಲಿನ ಬ್ರಷ್ಷು ಎಳೆಯುವುದು ಕೈಯ ಕೆಲಸ. ಸೀನುವಾಗ ಕಣ್ಣು ಮುಚ್ಚುತ್ತದಲ್ಲ, ಹಾಗೆ. ತಲೆ ನಿಷೇಧ ಹೇರಿತ್ತು. ಕೈಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಹೆಂಡತಿ ಬಟ್ಟಲನ್ನು ನೋಡಿದಳು. ಬ್ರೆಡ್ಡನ್ನು ನೋಡಿದಳು. ಮಗುವನ್ನು ನೋಡಿದಳು. "ಒಲೆ ಕೆಟ್ಟಿದ್ದಾಗ ನಾನು ಬ್ರೆಡ್ಡು ತಿಂದಿರ್ಲಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಅಷ್ಟೊಂದು ಮೆಲ್ಲಗಲ್ಲ. "ರೀ! ಮೊಟ್ಟೆ ಬಿಡಿಸಿದ್ರಿ, ಮೀನು ಬಿಡಿಸಿದ್ರಿ, ಪಾಪದ ಟೊಮೆಟೊ ಬಿಡಿಸಿದ್ರಿ! ಎಲ್ಲಾ ಬಿಡಿಸಿ ಹೊತ್ತುಹೊತ್ತಿಗೂ ನನಗೆ ಹಾಲು ತಿನ್ನಿಸಿದ್ರಿ!"

"ಬೇಲಿಯೇ ಎದ್ದು ಹೊಲ ಮೇಯ್ತು," ಎಂದರು ಅತ್ತೆ. "ಮೇಯ್ದ ಮೇಲೆ ಬೇಲಿ ನನ್ನ ಕೈಚೀಲ ಬೇರೆ ಹುಡುಕ್ತು."

"ಅತ್ತೆ... ನಿಮಗೆ ಹೇಗೆ ಕಾಣ್ತು?" ಬನ್ನಣ್ಣನ ಸ್ವರ ಉಬ್ಬದ ಹಿಟ್ಟಿನಂತಾಗಿತ್ತು.

"ಕಾಪಿ ಹೊಡಿಯೋ ಹುಡುಗ್ರ ಮುಖ ಯಾವಾಗ್ಲೂ ಮುಗ್ಧವಾಗೇ ಇರುತ್ತೆ ಅಳಿಯಂದ್ರೇ. ನಾನು ಯಾವತ್ತೂ ಮುಖ ನೋಡಿದೋಳಲ್ಲ." ಎಂದವರೇ ಪೆಟ್ಟಿಗೆ ಎತ್ತಿ ಬನ್ನಣ್ಣನ ಕೈಗೆ ಕೊಟ್ಟರು. "ಹೊರಿ. ಮನೆಗೆ."

ಆಮೇಲಿನ ದಿನಗಳಲ್ಲಿ ಆ ಮನೆಗೆ ಬಂದ ಬ್ರೆಡ್ಡು ಹೊಳೆಯುತ್ತಿರಲಿಲ್ಲ. ಬೇಸಿಗೆಯ ರಸ್ತೆಯ ಹಾಗೆ ಮಂಕಾಗಿತ್ತು. ಮೊಟ್ಟೆ, ಮೀನು, ಬೇಳೆ ಎಲ್ಲ ಗೌರವಯುತವಾಗಿ ಬಿಡುಗಡೆಯಾದವು. ಹೆಂಡತಿ ಮೊದಲ ಮೊಟ್ಟೆಯನ್ನು ಅವನೆದುರೇ ಕೂತು, ಅವನ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ತಿಂದಳು. ಸೈರನ್ನಿನ ಸ್ವರ ದಿನದಿನಕ್ಕೆ ಇಳಿದು ಕೊನೆಗೆ ನಿಂತೇಹೋಯಿತು. ತೂಕ ಮತ್ತೆ ಏರಿದ್ದು ಕಂಡು ಡಾಕ್ಟರಮ್ಮ, "ಎದೆಹಾಲು ಯಾಕೆ ನಿಲ್ಲಿಸ್ಬೇಕು? ಆರಾಮಾಗಿ ಕುಡಿಸಿ. ಅಂದಹಾಗೆ, ಹಾಲು ಎಲ್ಲಿಂದ ಬರ್ತಿತ್ತು ಗೊತ್ತಾಯ್ತಾ?" ಎಂದರು. ಬನ್ನಣ್ಣ ಮತ್ತೆ ಮೊಲದ ಚಿತ್ರ ನೋಡಿದ.

ಒಂದು ಸಂಜೆ ಅವನು ಬೇಕರಿ ಮುಚ್ಚಿ ಮನೆಗೆ ಬಂದ. ಒಳಗೆ ಮಗು ಅಮ್ಮನ ಬೆರಳು ಹಿಡಿದುಕೊಂಡು ಕುಡಿಯುತ್ತಿತ್ತು. ಎತ್ತಿಕೊಳ್ಳಲು ಆಸೆಯಿಂದ ಕಾಲಿಟ್ಟವನಿಗೆ ಹೊಸಿಲಲ್ಲೇ ಅತ್ತೆ ಅಡ್ಡ ನಿಂತಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ.

"ಕೈ!"

ಬನ್ನಣ್ಣ ಕೈ ಚಾಚಿದ. ಅತ್ತೆ ಬೆರಳು ಬೆರಳೂ ಮೂಸಿದರು.

"ಬಾಯಿ!"

"ಆ," ಎಂದ ಬನ್ನಣ್ಣ, ಬಹಳ ಮೃದುವಾಗಿ.

"ಸರಿ. ಈಗ ತಲೆ ಬಗ್ಗಿಸಿ."

"ತಲೆ ಯಾಕತ್ತೆ? ನಿಯಮದಲ್ಲಿ ತಲೆ ಇರ್ಲಿಲ್ವಲ್ಲ!"

"ವಿಪರೀತ ಹೊಳೀತಾ ಇದೆ ಅಳಿಯಂದ್ರೇ. ಹೋಗಿ ತೊಳ್ಕೊಂಡು ಬನ್ನಿ."