ಕಾಕಾಯದ ರೆಕ್ಕೆ, ಗಜಾಯದ ರೆಕ್ಕೆ

ಕುಡಿತದ ಚಟ ಹತ್ತಿದವನನ್ನು ಕಂಡರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ. ಇಸ್ಪೀಟಿನ ಚಟದವನಿಗೆ ಬುದ್ಧಿ ಹೇಳಲು ಹಿರಿಯರು ಸಿಗುತ್ತಾರೆ. ವಿಮಾನ ಕಟ್ಟುವ ಚಟದವನಿಗೆ ಮಾತ್ರ ಯಾರೂ ದಿಕ್ಕಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತ, ಬಾಡಿಗೆ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ವರ್ಷ ಒಂದು ವಿಮಾನ ಕಟ್ಟಿದವನು ನಾನು. ಆಟಿಕೆಯಲ್ಲ, ಒಬ್ಬರು ಕೂತು ಹಾರುವಂಥ ನಿಜವಾದ ವಿಮಾನ. ಎಪ್ಪತ್ತರ ದಶಕದ ಮಾತು. ಊರಿನ ದೊಡ್ಡ ಮನುಷ್ಯರೇ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಎರಡು ಚಕ್ರದ ಸೈಕಲ್ಲನ್ನೇ ನೆಟ್ಟಗೆ ತುಳಿಯಲು ಬಾರದ ನನಗೆ ವಿಮಾನ ಬೇಕಾಯಿತು. ಹಣೆಬರಹ ಎನ್ನದೆ ಇನ್ನೇನು ಎನ್ನಲಿ?

ಇದರ ಮೂಲ ನನ್ನ ಷಡ್ಡಕ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಆ ಪುಣ್ಯಾತ್ಮ ಎಲ್ಲರಿಗೂ ಟಾರ್ಚು, ಸೆಂಟು ತಂದುಕೊಟ್ಟು, ನನಗೆ ಮಾತ್ರ ಮದ್ರಾಸು ಬಂದರಿನಿಂದ ಒಂದು ದೊಡ್ಡ ಪೆಟ್ಟಿಗೆ ಸಾಗಿಸಿದ. ಒಳಗೆ ಪುಟ್ಟ ಎಂಜಿನ್ನು, ಅದರ ಮುಂದೆ ತಿರುಗುವ ಪಂಖ, ತಂತಿ, ಬೋಲ್ಟುಗಳು, ಒಂದು ಕಟ್ಟು ನಕಾಶೆ, ಒಂದು ಪುಸ್ತಕ. ಮರ, ಬಟ್ಟೆ ನಾವೇ ಹೊಂದಿಸಿಕೊಳ್ಳಬೇಕು. ನಾನು ಸುಮ್ಮನೆ ಅಟ್ಟದ ಮೇಲೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಶನಿ ಹೆಗಲೇರಿದಾಗ ನಾಲಿಗೆ ನಿಲ್ಲುವುದಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಇಡೀ ಸಾಲೆಯ ಮುಂದೆ, ಬರುವ ಯುಗಾದಿಗೆ ಕುರುಗೋಡಿನ ಬಯಲಿನಿಂದ ಹಾರುತ್ತೇನೆ ಎಂದು ಘೋಷಿಸಿಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ನಾಲ್ಕು ಯುಗಾದಿ ಬಂದು ಹೋದವು. ಸಿರುಗುಪ್ಪದ ಬಸ್ಸು ಹತ್ತಿದರೆ ಕಂಡಕ್ಟರು ಟಿಕೇಟು ಹರಿಯುತ್ತ, “ಇನ್ನೂ ಬಸ್ಸೇನ್ರಿ ಸಾರ್?” ಎನ್ನುತ್ತಿದ್ದ. ಸುತ್ತಲಿನವರು ಕಿಟಕಿಯ ಹೊರಗೆ ನೋಡಿ ನಗುತ್ತಿದ್ದರು. ಹಾರದೆ ಈ ಊರಿನಲ್ಲಿ ತಲೆಯೆತ್ತಿ ತಿರುಗುವುದು ಸಾಧ್ಯವಿಲ್ಲ ಎಂಬುದು ನನಗೆ ಖಾತ್ರಿಯಾಯಿತು.

ನನ್ನಾಕೆ ಗಿರಿಜಾ ಒಂದು ದಿನವೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಹೆಂಡತಿಯ ಮಾತಿಗೆ ಬೆಲೆ ಕೊಟ್ಟ ಗಂಡನಾಗಿ ಮಾನದಿಂದ ಹಿಂದೆ ಸರಿಯುತ್ತಿದ್ದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. “ಹಾರೋದು ಹೆಂಗಂತ ಹೇಳಿದ್ರಿ, ತಿಳೀತು. ಇಳಿಯೋದು ಹೆಂಗ?” ಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ ಎಂದೆ. ಓದಿದ್ದೀರಾ ಎಂದಳು. ಓದಿದ್ದೆ, ಆರು ಸಲ. ಓದಿದಷ್ಟೂ ಅದು ನೆಲಕ್ಕೆ ಬೀಳುವುದನ್ನೇ ಮರ್ಯಾದೆಯ ಮಾತಿನಲ್ಲಿ ವರ್ಣಿಸಿದಂತೆ ಕಾಣುತ್ತಿತ್ತು. ಬಟ್ಟೆ ಬಿಗಿಯಾಗಲು ಬಳಿಯಬೇಕಾದ ವಿಲಾಯಿತಿ ಬಣ್ಣ ಬ್ರೂಸ್‌ಪೇಟೆಯ ಯಾವ ಅಂಗಡಿಯಲ್ಲೂ ಸಿಗದೆ, ನಾನು ನನ್ನ ಬುದ್ಧಿ ಓಡಿಸಿ ಅನ್ನದ ಗಂಜಿ ಬಳಿದೆ. ಪಕ್ಕದ ಮನೆಯ ಎಮ್ಮೆ ಬಂದು ವಿಮಾನದ ಬಾಲವನ್ನು ಬಟ್ಟೆಯ ಸಮೇತ ತಿಂದು ಹೋಯಿತು. ಎಮ್ಮೆಯ ಯಜಮಾನಿ ಬಂದು, ನಿಮ್ಮ ವಿಮಾನ ತಿಂದು ನಮ್ಮ ಎಮ್ಮೆಗೆ ಹೊಟ್ಟೆ ಕೆಟ್ಟಿದೆ ಎಂದು ನನ್ನ ಮೇಲೆಯೇ ರೇಗಾಡಿದಳು.

ಬಾಲ ಹೋದರೆ ಹೋಗಲಿ ಎಂದು ಮತ್ತೊಂದು ಮಾಡಿಕೊಂಡೆ. ನನ್ನ ಜೀವ ಇದ್ದದ್ದು ರೆಕ್ಕೆಗಳಲ್ಲಿ. ಅದಕ್ಕಾಗಿ ಬಡಿಗೇರ ಮೌನೇಶಪ್ಪನನ್ನು ಗೊತ್ತು ಮಾಡಿದ್ದೆ. ಬಳ್ಳಾರಿಯ ಅರ್ಧ ಊರಿನ ಬಾಗಿಲು, ತೊಟ್ಟಿಲು, ಮಂಚ ಅವನ ಕೈಯವು. ನಕಾಶೆಯ ಪ್ರಕಾರ ಒಂದೊಂದು ರೆಕ್ಕೆ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ. ಎಡದ ರೆಕ್ಕೆಯನ್ನು ನಾನು ಎದುರಿಗೇ ಕೂತು ಮಾಡಿಸಿದೆ. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆದರೆ ಕೆಲಸ ಮುಗಿದ ದಿನ ಅವನ ಮುಖ ಸಪ್ಪಗಿತ್ತು. ಏನೋ ಗುಣಾಕಾರ ಭಾಗಾಕಾರ ಮಣಮಣ ಮಾಡುತ್ತ ಎದ್ದು ಹೋದ. ಅಷ್ಟರಲ್ಲಿ ನನ್ನನ್ನು ಪರೀಕ್ಷೆಯ ಕೆಲಸಕ್ಕೆಂದು ಮೂರು ವಾರ ಸಿರುಗುಪ್ಪಕ್ಕೆ ಹಾಕಿದರು. ಬಲದ ರೆಕ್ಕೆಯೂ ಇದೇ ತರಹ ಆಗಲಿ ಎಂದು ಹತ್ತು ಸಲ ಹೇಳಿ ಬಸ್ಸು ಹತ್ತಿದೆ.

ವಾಪಸು ಬಂದು ಶೆಡ್ಡಿನ ಬಾಗಿಲು ತೆರೆದೆ. ಬಲದ ರೆಕ್ಕೆ ಒಂದಡಿ ಗಿಡ್ಡ, ಒಂದಡಿ ಹೆಚ್ಚು ಅಗಲ. ಎಡದ್ದರ ಪಕ್ಕದಲ್ಲಿಟ್ಟರೆ ಒಂದು ರೆಕ್ಕೆ, ಇನ್ನೊಂದು ಕದ. ಮೌನೇಶಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆ ಎಳ್ಳಷ್ಟೂ ಇರಲಿಲ್ಲ.

“ಆಯ ನೋಡಿದೆ, ಮೇಷ್ಟ್ರೆ. ಹನ್ನೆರಡು ನಾಲ್ಕಲಿ ನಲವತ್ತೆಂಟು. ಕಾಕಾಯ ಆತು.”

ಆಯ ಎಂದರೆ ನಮ್ಮ ಕಡೆ ಮನೆ ಕಟ್ಟುವವರೆಲ್ಲ ನೋಡುವ ಲೆಕ್ಕ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹಾಯ, ಏಳು ಉಳಿದರೆ ಗಜಾಯ. ಇವೆಲ್ಲ ಶುಭ. ಏನೂ ಉಳಿಯದಿದ್ದರೆ ಕಾಕಾಯ, ಅಂದರೆ ಕಾಗೆಯ ಪಾಲು. ಆ ಮನೆಯಲ್ಲೂ ಏನೂ ಉಳಿಯುವುದಿಲ್ಲವಂತೆ. ಅದಕ್ಕೆ ಮೌನೇಶಪ್ಪ ಬಲದ ರೆಕ್ಕೆಯನ್ನು ಹನ್ನೊಂದಕ್ಕೆ ಐದು ಮಾಡಿ, ಐವತ್ತೈದರಲ್ಲಿ ಏಳು ಉಳಿಸಿ, ಗಜಾಯಕ್ಕೆ ತಂದಿದ್ದ. ಎಡದ್ದನ್ನೂ ಸರಿಪಡಿಸಬೇಕೆಂದಿದ್ದನಂತೆ, ಮರ ಸಾಲಲಿಲ್ಲವಂತೆ.

ನನ್ನ ಪಿತ್ತ ನೆತ್ತಿಗೇರಿತು. ಮೌನೇಶಪ್ಪ, ಹಾರುವುದು ಕಾಗೆಯೋ ಆನೆಯೋ ಎಂದು ಕೇಳಿದೆ. ಅವನು ಶಾಂತವಾಗಿಯೇ ಹೇಳಿದ. “ಮನೀಗಾದ್ರ ಕೇಡು ಬರಾಕ ವರ್ಷ ಹಿಡಿತೈತ್ರಿ. ಇದು ಮ್ಯಾಲೆ ಹೋಗೋ ಮಾಲು. ನಿಮಗೇನಾರ ಆದ್ರ ಅಮ್ಮಾರ ಮುಖ ನಾ ಹೆಂಗ ನೋಡ್ಲಿ? ಒಂದು ರೆಕ್ಕಿನಾದ್ರೂ ನಿಮ್ಮನ್ನ ಕಾಯ್ಲಿ ಅಂದೆ.”

ಈಗಾದರೆ ಕೂರಿಸಿ ಚಹಾ ಕೊಡುತ್ತಿದ್ದೆ. ಆಗ ನಾನು ಒಂದು ಗಂಟೆ ಕೂಗಾಡಿದೆ. ಮೂಢನಂಬಿಕೆ ಎಂದೆ, ದೇಶ ಹಾಳಾದದ್ದೇ ನಿನ್ನಂಥವರಿಂದ ಎಂದೆ, ಗಾಳಿಯ ಒತ್ತಡದ ಪಾಠವನ್ನು ಒಂಬತ್ತನೆಯ ತರಗತಿಗೆ ಮಾಡುವುದಕ್ಕಿಂತ ಚೆನ್ನಾಗಿ ಮಾಡಿದೆ. ಅವನು ಕೈಪೆಟ್ಟಿಗೆ ಎತ್ತಿಕೊಂಡು ತಲೆ ತಗ್ಗಿಸಿ ಹೋದ. ನಾನು ಗಿಡ್ಡ ರೆಕ್ಕೆಯ ಮೇಲೆ ಕೂತು ಅತ್ತೆ. ಮರ ತೀರಿತ್ತು, ಐದನೆಯ ಯುಗಾದಿ ಬಾಗಿಲಲ್ಲಿತ್ತು. ನನ್ನ ಬದುಕು ಮುಗಿಯಿತು ಎಂದುಕೊಂಡೆ. ಗಿರಿಜಾ ಚಹಾ ತಂದಿಟ್ಟಳು. ಹೋಗಲಿ ಬಿಡ್ರಿ ಎಂದಳು. ಅವಳ ದನಿಯಲ್ಲಿ ದುಃಖ ಇರಲಿಲ್ಲ.

ಎರಡು ವಾರವಾದ ಮೇಲೆ ಒಂದು ಭಾನುವಾರ ಮೌನೇಶಪ್ಪ ತಳ್ಳುಗಾಡಿಯ ಮೇಲೆ ಹೊಸ ರೆಕ್ಕೆ ಹೇರಿಕೊಂಡು ಬಂದ. ಮಗಳ ಮದುವೆಯ ಮಂಚಕ್ಕೆಂದು ಎತ್ತಿಟ್ಟಿದ್ದ ಹಗುರ ಮರದಲ್ಲಿ ಮಾಡಿದ್ದನಂತೆ. ನಾನು ಟೇಪು ಹಿಡಿದೆ. ಹನ್ನೆರಡು ಅಡಿ. ನಾಲ್ಕು ಅಡಿ. ಇಬ್ಬರೂ ಸೇರಿ ಜೋಡಿಸಿದೆವು. ಎರಡೂ ರೆಕ್ಕೆ ಚಾಚಿಕೊಂಡು ವಿಮಾನ ಸಿದ್ಧವಾಗಿ ನಿಂತಿತು. ಇನ್ನು ಹಾರುವುದೊಂದೇ ಬಾಕಿ. ನಾನು ನೋಡುತ್ತ ನಿಂತೆ. ಹನ್ನೆರಡು ನಾಲ್ಕಲಿ ನಲವತ್ತೆಂಟು. ಎಂಟಾರಲಿ ನಲವತ್ತೆಂಟು. ಉಳಿದದ್ದೇನು? ಬಿ.ಎಸ್ಸಿ. ಓದಿದ ನಾನು ಟೇಪು ಬಿಚ್ಚಿ ಮತ್ತೊಮ್ಮೆ ಅಳೆದೆ.

ಮೆಲ್ಲಗೆ ಕೇಳಿದೆ. ಮೌನೇಶಪ್ಪ, ಯಾಕೋ ನನಗೂ ಅನ್ನಿಸುತ್ತದೆ, ಎರಡನ್ನೂ ಗಜಾಯಕ್ಕೆ ತಂದುಬಿಟ್ಟರೆ ಹೇಗೆ? ಒಂದು ವರ್ಷ ಹಿಡಿದರೂ ಪರವಾಗಿಲ್ಲ.

ಅವನು ನನ್ನ ಕಡೆ ತಿರುಗಿ ಕೈ ಮುಗಿದ. “ನೀವು ಬೈದು ನನ್ನ ಕಣ್ಣು ತೆರೆಸಿದ್ರಿ, ಮೇಷ್ಟ್ರೆ. ಅವತ್ತಿಂದ ಆಯ ನೋಡೋದ ಬಿಟ್ಟೀನಿ. ನಾಳೆ ಮುಂಜಾನಿ ಕುರುಗೋಡಿಗೆ ಹೋಗಾಕ ಲಾರಿ ಹೇಳಿ ಬಂದೀನ್ರಿ.”